ಟ್ರಾನ್ಸ್‌ಫಾರ್ಮರ್‌ಗೂ ಚಾರ್ಜರ್‌ಗೂ ನಡುವಿನ ಜಾಗ

ಡೀಸೆಲ್ ಬಸ್ಸಿನ ಕಾಲದಲ್ಲಿ ನಮ್ಮ ಜವಾಬ್ದಾರಿಯ ಗಡಿ ಡಿಪೋದ ಕಾಂಪೌಂಡ್ ಗೋಡೆಯೇ ಆಗಿತ್ತು. ಒಳಗಿದ್ದದ್ದೆಲ್ಲ ನಮ್ಮದು: ಬಸ್ಸು, ಡೀಸೆಲ್ ಪಂಪು, ಟೈರು, ವಾಷಿಂಗ್ ರ‍್ಯಾಂಪು, ಗ್ರೀಸ್ ಮೆತ್ತಿದ ಬೆಂಚು. ದಾರಿಯಲ್ಲಿ ಬಸ್ಸು ನಿಂತರೆ ಬೈಸಿಕೊಳ್ಳಬೇಕಾದವರು ಯಾರು ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳನ್ನಿಟ್ಟುಕೊಂಡು ತನ್ನ ಸಾರಿಗೆ ಇಲಾಖೆಯನ್ನು ಶುರುಮಾಡಿತು. ಅಂದಿನಿಂದ ನಡೆದುಬಂದ ಪದ್ಧತಿ ಅದು. ಬಸ್ಸೂ ಸರ್ಕಾರದ್ದು, ಸ್ಪ್ಯಾನರ್ ಹಿಡಿಯುವ ಕೈಯೂ ಸರ್ಕಾರದ್ದು.

ನೌಕರಿಯ ಕೊನೆಯ ವರ್ಷಗಳಲ್ಲಿ ನನ್ನನ್ನು ಎಲೆಕ್ಟ್ರಿಕ್ ಬಸ್ಸುಗಳ ಡಿಪೋ ಒಂದಕ್ಕೆ ತಾಂತ್ರಿಕ ಮೇಲ್ವಿಚಾರಣೆಗೆ ಹಾಕಿದರು. ಅಲ್ಲಿನ ಲೆಕ್ಕವೇ ಬೇರೆ. ಜಾಗ ನಮ್ಮ ಸಾರಿಗೆ ನಿಗಮದ್ದು, ಬಸ್ಸು ಖಾಸಗಿ ಕಂಪನಿಯದು. ಡ್ರೈವರ್ ಕಂಪನಿಯವನು, ಕಂಡಕ್ಟರ್ ನಮ್ಮವನು. ಟಿಕೆಟ್ ಹಣ ನಮಗೆ ಬರುತ್ತದೆ, ಓಡಿದ ಪ್ರತಿ ಕಿಲೋಮೀಟರಿಗೆ ಇಷ್ಟು ರೂಪಾಯಿ ಎಂದು ನಾವು ಕಂಪನಿಗೆ ಕೊಡುತ್ತೇವೆ. ಕಾಗದದಲ್ಲಿ ಇದಕ್ಕೆ ಗ್ರಾಸ್ ಕಾಸ್ಟ್ ಕಾಂಟ್ರ್ಯಾಕ್ಟ್ ಎಂಬ ಹೆಸರಿದೆ, ಡಿಪೋದಲ್ಲಿ ಎಲ್ಲರ ಬಾಯಲ್ಲೂ ಜಿಸಿಸಿ. ಡಿಪೋ ಯಾವುದು, ಕಂಪನಿ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ನಾನು ಕಂಡ ತೊಡಕುಗಳು ಒಬ್ಬರಿಬ್ಬರ ಗುಣದಿಂದ ಹುಟ್ಟಿದವಲ್ಲ, ಏರ್ಪಾಡಿನೊಳಗೇ ಇದ್ದಂಥವು.

ಈ ಏರ್ಪಾಡು ಯಾಕೆ ಬೇಕಾಯಿತು ಎಂಬುದು ಗುಟ್ಟೇನಲ್ಲ. ಹನ್ನೆರಡು ಮೀಟರಿನ ಎಲೆಕ್ಟ್ರಿಕ್ ಬಸ್ಸಿನ ಬೆಲೆ ಕೋಟಿಯ ಮೇಲೆ ಹೋಗುತ್ತದೆ, ಅದರಲ್ಲಿ ದೊಡ್ಡ ಪಾಲು ಬ್ಯಾಟರಿಯದು. ಅಷ್ಟು ದುಡ್ಡು ಒಟ್ಟಿಗೆ ಸುರಿಯಲು ಹೆಚ್ಚಿನ ಸಾರಿಗೆ ನಿಗಮಗಳಿಗೆ ತಾಕತ್ತಿಲ್ಲ; ಆ ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ ಎಂಬ ಅಂದಾಜೂ ನಮ್ಮ ಬಳಿ ಇರಲಿಲ್ಲ. ಬೆಂಗಳೂರಿನಲ್ಲಿ 2014ರಲ್ಲೇ ಬಿಎಂಟಿಸಿ ಒಂದು ಎಲೆಕ್ಟ್ರಿಕ್ ಬಸ್ಸನ್ನು ಮೂರು ತಿಂಗಳು ಪ್ರಯೋಗಕ್ಕೆ ಓಡಿಸಿತ್ತು. ಆದರೆ ಬಸ್ಸುಗಳು ಸಾಲಾಗಿ ಬರಲು 2021ರ ಕೊನೆಯವರೆಗೆ ಕಾಯಬೇಕಾಯಿತು. 2022ರಲ್ಲಿ ಕೇಂದ್ರದ ಸಿಇಎಸ್‌ಎಲ್ ಸಂಸ್ಥೆ ಐದು ನಗರಗಳಿಗೆ ಸೇರಿಸಿ 5,450 ಬಸ್ಸುಗಳ ಟೆಂಡರ್ ಕರೆಯಿತು. ಅದರಲ್ಲಿ ಬೆಂಗಳೂರಿಗೆ ಸಿಕ್ಕಿದ್ದು 921, ಹನ್ನೆರಡು ವರ್ಷದ ಕರಾರಿನ ಮೇಲೆ. ಈಗ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಇದೇ ನಗರಕ್ಕೆ 4,500 ಬಸ್ಸುಗಳ ಮಂಜೂರಾತಿ ಆಗಿದೆ. ಹೀಗಾಗಿ ನಮ್ಮ ಡಿಪೋದ ಸಣ್ಣಪುಟ್ಟ ರಗಳೆಗಳು ಇನ್ನು ಎಷ್ಟೋ ಡಿಪೋಗಳಲ್ಲಿ ಮತ್ತೆ ಮತ್ತೆ ಎದುರಾಗುವಂಥವು.

ಅಂಥ ರಗಳೆಯೊಂದು ಮಳೆಗಾಲದಲ್ಲಿ ಶುರುವಾಯಿತು. ರಾತ್ರಿ ಹತ್ತೂವರೆಯ ಹೊತ್ತಿಗೆ ಬಸ್ಸುಗಳು ಒಂದೊಂದಾಗಿ ಒಳಗೆ ಬರುತ್ತವೆ, ಬೆಳಗಿನ ಜಾವ ಐದಕ್ಕೆ ಮೊದಲ ಶೆಡ್ಯೂಲ್ ಹೊರಡಬೇಕು. ನಡುವಿನ ಆರೂವರೆ ತಾಸಿನಲ್ಲಿ ಎಲ್ಲವೂ ಚಾರ್ಜ್ ಆಗಬೇಕು. ಮಳೆ ಬಂದ ರಾತ್ರಿ ಒಂದು ಸಾಲಿನ ಚಾರ್ಜರ್‌ಗಳು ಮಾತ್ರ ಟ್ರಿಪ್ ಆಗುತ್ತಿದ್ದವು. ಮರುದಿನ ಬೆಳಿಗ್ಗೆ ಅರ್ಧ ತುಂಬಿದ ಬಸ್ಸುಗಳು, ಕಟ್ ಆದ ಟ್ರಿಪ್‌ಗಳು, ಬಸ್ ಸ್ಟಾಪಿನಲ್ಲಿ ಬೈಯುವ ಜನ. ಕಂಪನಿಯವರು ಬರೆದರು: ನೀವು ಕೊಡುವ ಕರೆಂಟಿನಲ್ಲೇ ಏರುಪೇರಿದೆ. ನಮ್ಮ ಎಲೆಕ್ಟ್ರಿಕಲ್ ವಿಭಾಗ ಉತ್ತರ ಬರೆಯಿತು: ಎಚ್‌ಟಿ (ಹೈ ಟೆನ್ಷನ್) ಯಾರ್ಡಿನ ರೀಡಿಂಗ್ ಸರಿಯಿದೆ, ನಿಮ್ಮ ಚಾರ್ಜರ್ ಪರೀಕ್ಷಿಸಿಕೊಳ್ಳಿ. ಎರಡೂ ಪತ್ರ ನಿಜವನ್ನೇ ಹೇಳುತ್ತಿದ್ದವು. ಹನ್ನೊಂದು ಕೆವಿ ಲೈನು ಬಂದು ಇಳಿಯುವ ಟ್ರಾನ್ಸ್‌ಫಾರ್ಮರ್ ನಮ್ಮದು, ಅದು ಚೆನ್ನಾಗಿತ್ತು. ಚಾರ್ಜರ್ ಅವರದ್ದು, ಅದೂ ಚೆನ್ನಾಗಿತ್ತು.

ಎರಡರ ನಡುವೆ ನೆಲದಡಿ ಕೇಬಲ್ ಹೋಗುವ ಒಂದು ಕಾಲುವೆ ಇತ್ತು, ಮೇಲೆ ಕಾಂಕ್ರೀಟ್ ಹಲಗೆ ಮುಚ್ಚಿದ್ದು. ಕರಾರಿನ ನಕ್ಷೆಯಲ್ಲಿ ನಮ್ಮ ಗೆರೆ ಪ್ಯಾನಲ್ ಬೋರ್ಡಿಗೆ ಮುಗಿಯುತ್ತಿತ್ತು, ಅವರ ಗೆರೆ ಚಾರ್ಜರಿನ ಬುಡದಿಂದ ಶುರುವಾಗುತ್ತಿತ್ತು. ಕೇಬಲ್ ಎಳೆದವರು ಯಾರು ಎಂಬುದು ಬರೆದಿತ್ತು; ಕಾಲುವೆಯಲ್ಲಿ ನಿಂತ ನೀರು ಯಾರದು ಎಂಬುದು ಎಲ್ಲೂ ಇರಲಿಲ್ಲ. ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಎಲೆಕ್ಟ್ರಿಷಿಯನ್ ಒಬ್ಬರು ಒಂದು ದಿನ ಯಾರನ್ನೂ ಕೇಳದೆ ಹಲಗೆ ಎತ್ತಿಸಿದರು. ಒಳಗೆ ಮೊಣಕಾಲುದ್ದ ನೀರು. ವಾಷಿಂಗ್ ರ‍್ಯಾಂಪಿನ ಕಡೆ ಹರಿಯಬೇಕಾದ ಚರಂಡಿಯಲ್ಲಿ ಕಟ್ಟಡ ಕಟ್ಟಿದವರು ಬಿಟ್ಟುಹೋದ ಜಲ್ಲಿ, ಸಿಮೆಂಟ್ ಚೀಲ ತುಂಬಿಕೊಂಡಿತ್ತು. ಒಂದು ಕೇಬಲ್ ಜಾಯಿಂಟ್ ಆ ನೀರಿನಲ್ಲಿ ಅದ್ದಿ ಕೂತಿತ್ತು.

"ಸಾರ್, ಇದನ್ನ ಯಾರ ಲೆಕ್ಕಕ್ಕೆ ಬರೀಲಿ?" ಎಂದರು.

ಕಂಪನಿಯ ಸೈಟ್ ಎಂಜಿನಿಯರ್ ದಾವಣಗೆರೆ ಕಡೆಯ ಹುಡುಗ. ಅವನು ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. "ಮೊದ್ಲು ನೀರು ತೆಗ್ಸೋಣ ಸಾರ್" ಎಂದ. ಪಂಪ್ ಅವರು ತಂದರು, ಆಳು ನಾವು ಕೊಟ್ಟೆವು. ತಿಂಗಳುಗಟ್ಟಲೆ ಪತ್ರಗಳಲ್ಲಿ ಮುಗಿಯದ್ದು ಮಧ್ಯಾಹ್ನದ ಊಟದೊಳಗೆ ಮುಗಿಯಿತು.

ಆಮೇಲೆ ನಾವಿಬ್ಬರೂ ಕೂತು ಡಿಪೋದ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಇಂಥ ಜಾಗಗಳನ್ನೆಲ್ಲ ಗುರುತು ಹಾಕಿದೆವು. ಚಾರ್ಜರ್ ಮೇಲಿನ ತಗಡಿನ ಮಾಡು, ಬೆಂಕಿ ಆರಿಸುವ ವ್ಯವಸ್ಥೆಯ ನೀರಿನ ಪೈಪು, ಬಸ್ಸು ತಿರುಗುವ ಅಂಗಳದ ಗುಂಡಿಗಳು. ಗುಂಡಿ ನಿಗಮದ ಸಿವಿಲ್ ವಿಭಾಗದ್ದು, ಅದರಲ್ಲಿ ಇಳಿದು ತಳ ಕೆರೆಸಿಕೊಳ್ಳುವ ಲೋ ಫ್ಲೋರ್ ಬಸ್ಸು ಕಂಪನಿಯದು. ಕರಾರು ಆಸ್ತಿಯನ್ನು ಮಾಲೀಕರ ಪ್ರಕಾರ ಹಂಚುತ್ತದೆ. ನಾನು ಕಂಡಂತೆ ಹೆಚ್ಚಿನ ಕೆಡುಕು ಹುಟ್ಟುವುದು ಹಂಚಿಕೆಯ ಗೆರೆಯ ಮೇಲೆಯೇ.

ಈ ಮಾತು ದೊಡ್ಡ ಮಟ್ಟದಲ್ಲೂ ನಿಜ ಎಂದು ನನಗೆ ತೋರಿಸಿದ್ದು ದೆಹಲಿಯ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೊ ಕತೆ. ಸುಮಾರು 23 ಕಿಲೋಮೀಟರಿನ ಮಾರ್ಗ ಅದು. ಸುರಂಗ, ಕಂಬ, ಮೇಲ್ಸೇತುವೆಯ ಸಿವಿಲ್ ಕೆಲಸ ದೆಹಲಿ ಮೆಟ್ರೊ ನಿಗಮದ್ದು. ಹಳಿಯ ಮೇಲಿನ ವ್ಯವಸ್ಥೆ, ರೈಲು, ಓಡಾಟ ಖಾಸಗಿ ಕಂಪನಿಯದು. 2011ರ ಫೆಬ್ರವರಿಯಲ್ಲಿ ಶುರುವಾದ ರೈಲು 2012ರ ಜುಲೈನಲ್ಲಿ ನಿಂತುಹೋಯಿತು. ತಕರಾರು ಎದ್ದದ್ದು ಕಂಬದ ಮೇಲೆ ಗರ್ಡರ್ ಕೂರುವ ಬೇರಿಂಗ್‌ಗಳ ಬಗ್ಗೆ. ಅಂದರೆ ನಿಗಮ ಕಟ್ಟಿದ ಸೇತುವೆ ಕಂಪನಿಯ ರೈಲಿನ ಭಾರ ಹೊರುವ ಜಾಗದಲ್ಲೇ. ರಿಪೇರಿಯಾಗಿ 2013ರ ಜನವರಿಯಲ್ಲಿ ರೈಲು ಮತ್ತೆ ಓಡಿತು, ಆ ಜುಲೈ 1ರಿಂದ ನಿಗಮವೇ ಓಡಿಸತೊಡಗಿತು. ಆದರೆ ದೋಷ ನಿಜಕ್ಕೂ ಸರಿಹೋಗಿತ್ತೇ ಎಂಬ ವಾದ ಮಾತ್ರ ನಿಲ್ಲಲಿಲ್ಲ. 2017ರಲ್ಲಿ ಮಧ್ಯಸ್ಥಿಕೆ ಮಂಡಳಿ ಕಂಪನಿಯ ಪರ ತೀರ್ಪು ಕೊಟ್ಟಿತು, 2021ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2024ರಲ್ಲಿ ಅದೇ ಕೋರ್ಟ್ ಅದನ್ನು ರದ್ದುಮಾಡಿತು. ಮೆಟ್ರೊ ಸುರಕ್ಷತಾ ಆಯುಕ್ತರು ಕೊಟ್ಟ ಪ್ರಮಾಣಪತ್ರಕ್ಕೆ ಎಷ್ಟು ತೂಕ ಎಂಬುದೂ ಆ ವಾದದ ನಡುವೆ ಇತ್ತು. ಬೇರಿಂಗ್ ರಿಪೇರಿಗೆ ಹಿಡಿದದ್ದು ತಿಂಗಳುಗಳು. ಅದರ ಆರೋಗ್ಯದ ಬಗ್ಗೆ ಯಾರ ಮಾತು ಕೊನೆಯದು ಎಂದು ತೀರ್ಮಾನಿಸಲು ಹತ್ತು ವರ್ಷಕ್ಕೂ ಹೆಚ್ಚು.

ನಮ್ಮ ಡಿಪೋದಲ್ಲಿ ಕೊನೆಯ ಮಾತು ಕಂಪ್ಯೂಟರಿನದು. ಡೀಸೆಲ್ ಬಸ್ಸಿಗೆ ಹಿಸ್ಟರಿ ಶೀಟ್ ಇರುತ್ತಿತ್ತು. ಯಾವಾಗ ಆಯಿಲ್ ಬದಲಾಯಿತು, ಯಾವ ಕ್ಲಚ್ ಪ್ಲೇಟ್ ಹೋಯಿತು, ಕೆಎಂಪಿಎಲ್ (ಲೀಟರಿಗೆ ಕಿಲೋಮೀಟರ್) ಎಷ್ಟು ಬಂತು, ಎಲ್ಲ ನಮ್ಮ ಕಪಾಟಿನಲ್ಲೇ. ಎಲೆಕ್ಟ್ರಿಕ್ ಬಸ್ಸಿನ ಇತಿಹಾಸ ಕಂಪನಿಯ ಸರ್ವರಿನಲ್ಲಿ. ನಮಗೆ ಕೊಟ್ಟ ಲಾಗಿನ್‌ನಲ್ಲಿ ಬಸ್ಸು ಎಲ್ಲಿದೆ, ಚಾರ್ಜ್ ಎಷ್ಟಿದೆ, ಎಷ್ಟು ಓಡಿತು ಎಂಬಷ್ಟೇ ಕಾಣುತ್ತಿತ್ತು. ಸೆಲ್‌ಗಳ ಉಷ್ಣತೆ, ಅವುಗಳ ನಡುವಿನ ವ್ಯತ್ಯಾಸ ಕಾಣುತ್ತಿರಲಿಲ್ಲ. ಬ್ಯಾಟರಿ ಪ್ಯಾಕಿನ ಬಲವನ್ನು ತೀರ್ಮಾನಿಸುವುದು ಅದರ ದುರ್ಬಲ ಸೆಲ್. ಜೋಡೆತ್ತಿನಲ್ಲಿ ಒಂದು ಸೊರಗಿದರೆ ಬಂಡಿಯ ವೇಗ ಅದರದ್ದೇ. ಕೇಳಿದಾಗ ಬಂದ ಉತ್ತರವೂ ನ್ಯಾಯವಾದದ್ದೇ: ಬಸ್ಸು ನಮ್ಮದು, ರಿಸ್ಕ್ ನಮ್ಮದು, ನಿಮಗೆ ಕಿಲೋಮೀಟರ್ ಸಿಕ್ಕರೆ ಸಾಲದೆ?

ಸಾಲದು. ಬ್ಯಾಟರಿಯ ಓಟ ಹತ್ತು ಕಿಲೋಮೀಟರ್ ಕುಗ್ಗಿದರೆ ಟ್ರಿಪ್‌ಗಳ ವೇಳಾಪಟ್ಟಿಯಾದ ನಮ್ಮ ಫಾರಂ-4 ಬದಲಾಗಬೇಕು. ಮಧ್ಯಾಹ್ನ ಡಿಪೋಗೆ ಬಂದು ಅರ್ಧ ತಾಸು ಚಾರ್ಜ್ ಮಾಡಿಕೊಳ್ಳಬೇಕು ಎಂದರೆ ಪ್ರಯಾಣಿಕರಿಲ್ಲದೆ ಓಡುವ ಡೆಡ್ ಕಿಲೋಮೀಟರ್ ಹೆಚ್ಚುತ್ತದೆ, ಕಂಡಕ್ಟರ್ ಡ್ಯೂಟಿ ಉದ್ದವಾಗುತ್ತದೆ, ಸಂಜೆಯ ಒಂದು ಟ್ರಿಪ್ ಹಾರಿಹೋಗುತ್ತದೆ. ಡೀಸೆಲ್ ಬಸ್ಸಿಗೆ ಬರೆದ ಶೆಡ್ಯೂಲನ್ನೇ ಎಲೆಕ್ಟ್ರಿಕ್ ಬಸ್ಸಿಗೂ ಹಚ್ಚಿದ್ದರಿಂದ ಆರಂಭದಲ್ಲಿ ಅನುಭವಿಸಿದ ಪಾಡು ನನಗೆ ಇನ್ನೂ ನೆನಪಿದೆ.

ಮೇಲಿನವರ ಮಟ್ಟದಲ್ಲಿ ಡೇಟಾ ಮಾತುಕತೆ ನಡೆಯುತ್ತಿರುವಾಗ ನಾವು ಗೇಟಿನಲ್ಲಿ ಒಂದು ಉದ್ದ ಬೈಂಡಿನ ರಿಜಿಸ್ಟರ್ ಇಟ್ಟೆವು. ಬಸ್ ನಂಬರ್, ಹೊರಟಾಗ ಚಾರ್ಜ್ ಶೇಕಡಾ ಎಷ್ಟು, ಬಂದಾಗ ಎಷ್ಟು, ಮೀಟರ್ ರೀಡಿಂಗ್, ರೂಟು. ಸೆಕ್ಯುರಿಟಿಯವರೇ ಬರೆಯುತ್ತಿದ್ದರು, ಇಂಥದ್ದಕ್ಕೆ ಹೊಸ ಸಾಫ್ಟ್‌ವೇರ್ ಕೇಳಿದ್ದರೆ ಟೆಂಡರ್ ಮುಗಿಯುವುದರೊಳಗೆ ನಾನು ಮನೆಯಲ್ಲಿರುತ್ತಿದ್ದೆ. ವಾರಕ್ಕೊಮ್ಮೆ ಗುಣಾಕಾರ ಭಾಗಾಕಾರ ಮಾಡಿ ಕಿಲೋಮೀಟರಿಗೆ ಎಷ್ಟು ಯೂನಿಟ್ ಎಂದು ತೆಗೆಯುತ್ತಿದ್ದೆವು. ಒಂದೇ ರೂಟಿನಲ್ಲಿ ಓಡುವ ಬಸ್ಸುಗಳಲ್ಲೇ ಕೆಲವು ಹೆಚ್ಚು ಕುಡಿಯುತ್ತಿದ್ದವು. ನೋಡಿದರೆ ಒಂದರಲ್ಲಿ ಬ್ರೇಕ್ ಬಿಡುತ್ತಿರಲಿಲ್ಲ, ಇನ್ನೊಂದೆರಡರಲ್ಲಿ ಟೈರಿಗೆ ಗಾಳಿ ಕಮ್ಮಿ. ಮತ್ತೆ ಕೆಲವು ಬಸ್ಸುಗಳಲ್ಲಿ ದೋಷವೇ ಇರಲಿಲ್ಲ, ಡ್ರೈವರ್ ಮಾತ್ರ ಬೇರೆ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟರೆ ಮೋಟಾರು ತಾನೇ ಜನರೇಟರ್ ಆಗಿ ಬ್ಯಾಟರಿಗೆ ವಾಪಸ್ ಕರೆಂಟ್ ತುಂಬುತ್ತದೆ. ಕೊನೇ ಗಳಿಗೆಯಲ್ಲಿ ಬ್ರೇಕ್ ಒತ್ತುವವನಿಗೆ ಆ ಲಾಭ ಪೂರ್ತಿ ಸಿಗುವುದಿಲ್ಲ. ದಾವಣಗೆರೆಯ ಹುಡುಗ ಆ ಪಟ್ಟಿಯನ್ನು ತನ್ನ ಹೆಡ್ ಆಫೀಸಿಗೆ ಕಳಿಸಿದ. ಅಲ್ಲಿಂದ ಮೊದಲ ಸಲ ಸೆಲ್ ಉಷ್ಣತೆಯ ಶೀಟ್ ಬಂತು. ನಾವು ಏನನ್ನಾದರೂ ಕೊಟ್ಟ ಮೇಲೆ ಅವರೂ ಕೊಟ್ಟರು. ಕರಾರಿನ ಕಲಮು ತೋರಿಸಿ ಕೇಳಿದಷ್ಟು ದಿನ ಬಂದಿರಲಿಲ್ಲ.

ದಂಡದ ವಿಚಾರಕ್ಕೆ ಬರುತ್ತೇನೆ. ಬ್ರೇಕ್‌ಡೌನ್ ಆದರೆ ಇಷ್ಟು, ತಡವಾದರೆ ಇಷ್ಟು, ಬಾಗಿಲು ಮುರಿದಿದ್ದರೆ ಇಷ್ಟು ಎಂದು ಬಿಲ್ಲಿನಲ್ಲಿ ಮುರಿದುಕೊಳ್ಳುತ್ತೇವೆ. ಸಾರ್ವಜನಿಕರ ದುಡ್ಡು, ಮುರಿಯಲೇಬೇಕು. ಆದರೆ ಪ್ರತಿ ದೋಷಕ್ಕೂ ಬೆಲೆ ಕಟ್ಟಿದರೆ ದೋಷ ಬರೆಯುವ ಕೈ ನಿಲ್ಲುತ್ತದೆ. ಕೂಲೆಂಟ್ ಸೋರಿ ನಿಂತ ಬಸ್ಸು ವರದಿಯಲ್ಲಿ "ಟ್ರಾಫಿಕ್ ಜಾಮ್" ಆಗಿ ಬರುತ್ತಿತ್ತು. ಅದೇ ಬಸ್ಸಿನ ಬ್ಯಾಟರಿ ತಂಪಾಗಿಸುವ ಚಿಲ್ಲರ್ ಮುಂದಿನ ವಾರ ಪೂರ್ತಿ ಕೈಕೊಟ್ಟರೆ ಯಾರಿಗೂ ಹಿನ್ನೆಲೆ ಗೊತ್ತಿರುತ್ತಿರಲಿಲ್ಲ. ಆದ್ದರಿಂದ ಎರಡು ಬೇರೆ ಬೇರೆ ಸಭೆ ಮಾಡಿಕೊಂಡೆವು. ಬಿಲ್ಲಿನ ಸಭೆ ವಿಭಾಗೀಯ ಕಚೇರಿಯಲ್ಲಿ, ಅಕೌಂಟ್ಸ್‌ನವರ ಜತೆ. ದೋಷದ ಸಭೆ ಡಿಪೋದ ಪಿಟ್ ಬಳಿ, ನಿಂತುಕೊಂಡೇ, ಬರೇ ಎಂಜಿನಿಯರ್, ಮೆಕ್ಯಾನಿಕ್‌ಗಳು. ಅಲ್ಲಿ ಹೇಳಿದ್ದನ್ನು ಬಿಲ್ಲಿಗೆ ಬಳಸುವಂತಿಲ್ಲ ಎಂಬ ಬಾಯಿ ಒಪ್ಪಂದ. ಆಡಿಟ್‌ನವರು ಇದನ್ನು ಒಪ್ಪುತ್ತಾರೋ ಇಲ್ಲವೋ, ಬಸ್ಸು ಒಪ್ಪಿತು.

ಸರ್ಕಾರದ ಕಡೆಯ ತಪ್ಪನ್ನೂ ಹೇಳದಿದ್ದರೆ ಅನ್ಯಾಯ. ದೇಶದ ಸಾರಿಗೆ ನಿಗಮಗಳು ಬಿಲ್ ತಡಮಾಡುವುದಕ್ಕೆ ಹೆಸರುವಾಸಿ. ಬಿಲ್ ತಡವಾದರೆ ಕಂಪನಿ ಮೊದಲು ಕತ್ತರಿಸುವುದು ಬಿಡಿಭಾಗದ ದಾಸ್ತಾನನ್ನು, ಆಮೇಲೆ ಡ್ರೈವರ್ ಸಂಬಳವನ್ನು. ಈ ಭಯಕ್ಕೇ ಟೆಂಡರ್ ಹಾಕುವವರು ಹಿಂಜರಿಯುತ್ತಾರೆ ಎಂದು ಕೇಂದ್ರ ಸರ್ಕಾರ 2024ರಲ್ಲಿ 3,435 ಕೋಟಿ ರೂಪಾಯಿಯ ಪಾವತಿ ಭದ್ರತಾ ನಿಧಿಯ ಯೋಜನೆ ತಂದಿತು. ನಿಗಮ ಕೊಡದಿದ್ದರೆ ನಿಧಿಯಿಂದ ಕೊಟ್ಟು, ಆ ಹಣವನ್ನು ರಾಜ್ಯದಿಂದ ವಸೂಲು ಮಾಡಿಕೊಳ್ಳುವ ಏರ್ಪಾಡು ಅದು. ಒಳ್ಳೆಯದೇ. ಆದರೆ ಕಂಪನಿಯ ಕೈಗೆ ಹಣ ಸೇರುವುದೂ ಡಿಪೋಗೆ ಬ್ರೇಕ್ ಪ್ಯಾಡ್ ತಲುಪುವುದೂ ಒಂದೇ ಅಲ್ಲ. ಕನಿಷ್ಠ ದಾಸ್ತಾನು ಡಿಪೋದಲ್ಲೇ ಇರಬೇಕು ಎಂಬ ಷರತ್ತು ಅದರ ಜತೆ ಬೇಕು.

ನನಗೆ ಹೆಚ್ಚು ಚಿಂತೆ ಹಚ್ಚಿದ್ದು ನಮ್ಮದೇ ಮೆಕ್ಯಾನಿಕ್‌ಗಳ ಸ್ಥಿತಿ. ಹಾಸನ, ಕೆಂಗೇರಿಯ ಪ್ರಾದೇಶಿಕ ಕಾರ್ಯಾಗಾರಗಳಲ್ಲಿ ಹಳೇ ಬಸ್ಸುಗಳನ್ನು ಬಿಚ್ಚಿ, ಹೊಸದರಂತೆ ಕಟ್ಟಿ ಮತ್ತೆ ರಸ್ತೆಗೆ ಬಿಡುವ ಕೈಗಳಿವು. ಎಂಜಿನ್ ಶಬ್ದ ಕೇಳಿ ಯಾವ ಸಿಲಿಂಡರ್ ಎಂದು ಹೇಳಬಲ್ಲವರು. ಎಲೆಕ್ಟ್ರಿಕ್ ಬಸ್ಸಿನ ಬಳಿ ಬಂದರೆ ಅವರಿಗೆ ಸಿಗುವ ಮೊದಲ ಪಾಠ, ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ನೂರಾರು ವೋಲ್ಟ್ ಹರಿಯುವ ತಂತಿ, ಎಚ್ಚರಿಕೆ ಸರಿಯೇ. ಆದರೆ ಹೆಚ್ಚಿನವರಿಗೆ ಅದೇ ಕೊನೆಯ ಪಾಠವೂ ಆಗುತ್ತಿದೆ. ಕರಾರಿನ ಹನ್ನೆರಡು ವರ್ಷ ಕಳೆಯುವಷ್ಟರಲ್ಲಿ ಇವರೆಲ್ಲ ನಿವೃತ್ತರಾಗಿರುತ್ತಾರೆ. ಕಂಪನಿ ತೋರಿಸಿದ ಬ್ಯಾಟರಿ ವರದಿ ಸರಿಯೋ ತಪ್ಪೋ ಎಂದು ಹೇಳಬಲ್ಲ ಒಬ್ಬನೂ ಆಗ ನಿಗಮದೊಳಗೆ ಇರಲಿಕ್ಕಿಲ್ಲ. ನಮ್ಮ ಡಿಪೋದಲ್ಲಿ ನಾಲ್ಕೈದು ಹುಡುಗರನ್ನು ಕಂಪನಿಯ ರಾತ್ರಿ ಪಾಳಿಗೆ ಜೋಡಿಸಿ ಕಲಿಯಲು ಬಿಟ್ಟೆವು. ಇನ್ಸುಲೇಟೆಡ್ ಕೈಗವಸು ಹಾಕಿ ಪ್ಯಾಕ್ ಐಸೊಲೇಟ್ ಮಾಡುವುದನ್ನು ಅವರು ಕಲಿತರು. ಕರಾರಿನಲ್ಲಿ ಇಲ್ಲದ ಕೆಲಸವಾದ್ದರಿಂದ ಅಧಿಕಾರಿಗಳು ಬದಲಾದಾಗ ಅದು ನಿಂತಿತು. ಮುಂದಿನ ಟೆಂಡರುಗಳಲ್ಲಿ ತರಬೇತಿಯನ್ನು ಷರತ್ತಾಗಿಯೇ ಬರೆಯಬೇಕು ಎಂದು ನಾನು ಟಿಪ್ಪಣಿ ಕೊಟ್ಟು ಬಂದೆ.

ಆ ಟಿಪ್ಪಣಿಯಲ್ಲಿ ಇನ್ನೊಂದು ವಿಷಯವೂ ಇತ್ತು. ಕರಾರಿನ ನಡುವೆ ಎಲ್ಲೋ ಒಮ್ಮೆ ಬ್ಯಾಟರಿಗಳನ್ನು ಬದಲಿಸಬೇಕಾಗುತ್ತದೆ. ಬಸ್ಸಿಗೆ ಸಾಲದ ಬ್ಯಾಟರಿಯಲ್ಲೂ ಮುಕ್ಕಾಲು ಪಾಲಿನಷ್ಟು ಶಕ್ತಿ ಉಳಿದಿರಬಹುದು. ಅವನ್ನು ಡಿಪೋದಲ್ಲೇ ಜೋಡಿಸಿಟ್ಟು, ಬೇಡಿಕೆ ಕಡಿಮೆಯಿರುವ ಹೊತ್ತಿನ ಕರೆಂಟ್ ತುಂಬಿ, ಸಂಜೆಯ ದುಬಾರಿ ಹೊತ್ತಿನಲ್ಲಿ ಬಳಸಿಕೊಳ್ಳಬಹುದಲ್ಲ ಎಂಬುದು ನಮ್ಮ ವಾದ. ಬಸ್ಸು ನಮ್ಮದು, ಆದ್ದರಿಂದ ಬ್ಯಾಟರಿಯೂ ನಮ್ಮದು ಎಂಬುದು ಕಂಪನಿಯ ವಾದ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಹೋಗುವಂತೆ ನೋಡಿಕೊಳ್ಳುವ ಹೊಣೆ ಉತ್ಪಾದಕರದ್ದು. ಹಾಗಾಗಿ ಅವರ ಮಾತಿನಲ್ಲೂ ಹುರುಳಿದೆ. ಬಸ್ಸನ್ನು ಖರೀದಿಸಲು ಸಬ್ಸಿಡಿ ಕೊಟ್ಟದ್ದು ಸರ್ಕಾರ, ಹಾಗಾಗಿ ನಮ್ಮದರಲ್ಲೂ. ಕಡತದಲ್ಲಿ ಇದಕ್ಕೆ ಉತ್ತರ ಬರುವ ಮೊದಲೇ ನನ್ನ ನಿವೃತ್ತಿಯ ದಿನ ಬಂತು. ಮೊದಲ ಬ್ಯಾಟರಿಗಳು ಬಸ್ಸಿನಿಂದ ಕೆಳಗಿಳಿಯುವ ಮುಂಚೆ ಅದು ತೀರ್ಮಾನವಾಗಬೇಕು. ಇಳಿದ ಮೇಲೆ ಅವು ಡಿಪೋದ ಯಾವ ಮೂಲೆಯಲ್ಲಿ ಕೂರುತ್ತವೆ, ಅಲ್ಲಿ ಬೆಂಕಿ ಹತ್ತಿದರೆ ಯಾರು ಓಡಿಬರಬೇಕು ಎಂಬುದಕ್ಕೂ ನಕ್ಷೆಯಲ್ಲಿ ಸದ್ಯ ಗೆರೆಯಿಲ್ಲ.