22.4 ಬರೆಯುವ ಮೊದಲು: ಮೋಲ್, ಅನಿಲ, ಕ್ರಿಯೆಗಳ ಲೆಕ್ಕ ಬಿಡಿಸುವ ಬಗೆ

ಬೀದರ್ ಆಗಲಿ, ಭಾಲ್ಕಿ, ಔರಾದ್ ಆಗಲಿ, ಪಿಯು ಮೊದಲ ವರ್ಷದ ರಸಾಯನಶಾಸ್ತ್ರದ ಉತ್ತರಪತ್ರಿಕೆಗಳಲ್ಲಿ ಒಂದು ಅಂಕಿ ಮೇಲಿಂದ ಮೇಲೆ ಕಾಣುತ್ತದೆ: 22.4. ಪ್ರಶ್ನೆಯಲ್ಲಿ ‘ಅನಿಲ’ ಎಂಬ ಮಾತು ಕಂಡರೆ ಸಾಕು, ಮೋಲ್‌ಗಳನ್ನು 22.4ರಿಂದ ಗುಣಿಸಿ ಮುಂದೆ ಲೀಟರ್ ಎಂದು ಬರೆದುಬಿಡುತ್ತಾರೆ. ಉಷ್ಣತೆಯನ್ನೂ ಒತ್ತಡವನ್ನೂ ಪ್ರಶ್ನೆಯಲ್ಲೇ ಕೊಟ್ಟಿದ್ದರೂ ಅತ್ತ ಕಣ್ಣು ಹಾಯಿಸುವುದಿಲ್ಲ. ಚೆನ್ನಾಗಿ ಓದುವ ಮಕ್ಕಳೇ ಇಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ತಪ್ಪು ಪೂರ್ತಿ ಮಕ್ಕಳದಲ್ಲ. ಎನ್‌ಸಿಇಆರ್‌ಟಿ ಪುಸ್ತಕದ ಇತ್ತೀಚಿನ ಪರಿಷ್ಕರಣೆಯಲ್ಲಿ ‘ದ್ರವ್ಯದ ಸ್ಥಿತಿಗಳು’ ಅಧ್ಯಾಯವನ್ನೇ ತೆಗೆದಿದ್ದಾರೆ. ಬಾಯ್ಲ್, ಚಾರ್ಲ್ಸ್ ನಿಯಮಗಳು ಅದರ ಜೊತೆಗೇ ಹೋದವು. ಅನಿಲದ ಲೆಕ್ಕ ಮಾತ್ರ ಹೋಗಿಲ್ಲ; ಮೋಲ್ ಅಧ್ಯಾಯದಲ್ಲಿ, ಉಷ್ಣಗತಿವಿಜ್ಞಾನದಲ್ಲಿ ಮತ್ತೆ ಎದುರಾಗುತ್ತದೆ. ಆ ಅಧ್ಯಾಯವನ್ನು ಬಿಟ್ಟದ್ದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಸೀನಿಯರ್‌ಗಳ ಹಳೆಯ ಪುಸ್ತಕ ಸಿಕ್ಕರೆ ಇಸಿದುಕೊಂಡು ಆ ಪುಟಗಳನ್ನು ಓದಿ.

ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೊದಲೇ ಒಂದು ಮಾತು. ಇಂಗ್ಲಿಷ್ ಪ್ರಶ್ನೆಯನ್ನು ಓದಿದ ಕೂಡಲೇ ಅಂಕಿಗಳನ್ನು ಗುಣಿಸಲು ಹೋಗಬೇಡಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂಬುದನ್ನು ಕನ್ನಡದಲ್ಲೇ ಎರಡು ಸಾಲು ಬರೆದುಕೊಳ್ಳಿ. ಅರ್ಧ ನಿಮಿಷದ ಕೆಲಸ.

ಈಗ ನಮ್ಮ ಊರಿನ ವಸ್ತುವಿನಿಂದಲೇ ಒಂದು ಲೆಕ್ಕ. ಬಿದರಿ ಎರಕದಲ್ಲಿ ಸತುವಿನದೇ ಸಿಂಹಪಾಲು, ತಾಮ್ರ ಸ್ವಲ್ಪ. 16ಕ್ಕೆ 1 ಎನ್ನುವುದು ವಾಡಿಕೆಯ ಪ್ರಮಾಣ. 17 ಗ್ರಾಂ ಬಿದರಿ ಚೂರಿನ ಮೇಲೆ 2 ಮೋಲಾರ್ ಸಾರದ ಹೈಡ್ರೋಕ್ಲೋರಿಕ್ ಆಮ್ಲವನ್ನು 200 ಮಿಲಿ ಲೀಟರ್ ಸುರಿದರೆ ಎಷ್ಟು ಹೈಡ್ರೋಜನ್ ಬರುತ್ತದೆ? (ಕಾಗದದ ಮೇಲಷ್ಟೇ ಮಾಡಿ. ಮನೆಯ ಬಿದರಿ ಹೂದಾನಿಗೆ ಆಮ್ಲ ತಾಗಿಸಬೇಡಿ; ಹೈಡ್ರೋಜನ್ ಕಿಡಿ ಸೋಕಿದರೆ ಹೊತ್ತಿಕೊಳ್ಳುವ ಅನಿಲ.)

ಮೊದಲ ಹೆಜ್ಜೆ, ಸಮೀಕರಣ. ಸರಿದೂಗಿಸುವುದು ನಿಮಗೆ ಗೊತ್ತಿದೆ:

ಸತು + 2 ಹೈಡ್ರೋಕ್ಲೋರಿಕ್ ಆಮ್ಲ → ಸತು ಕ್ಲೋರೈಡ್ + ಹೈಡ್ರೋಜನ್

ತಾಮ್ರ ಈ ಆಮ್ಲದೊಂದಿಗೆ ವರ್ತಿಸುವುದಿಲ್ಲ. ಹೈಡ್ರೋಜನ್ನನ್ನು ಹೊರದೂಡುವಷ್ಟು ಕ್ರಿಯಾಶೀಲತೆ ಅದಕ್ಕಿಲ್ಲ. ಆದ್ದರಿಂದ ಲೆಕ್ಕಕ್ಕೆ ಬರುವುದು 16 ಗ್ರಾಂ ಸತು, 17 ಅಲ್ಲ. ಮಿಶ್ರಲೋಹ, ಅಶುದ್ಧ ಸುಣ್ಣದಕಲ್ಲು ಇಂಥವು ಬಂದಾಗ ಈ ಕಳೆಯುವಿಕೆಯನ್ನು ಮರೆಯುವವರು ಬಹಳ.

ಎರಡನೆಯದು, ಎಲ್ಲವನ್ನೂ ಮೋಲ್‌ಗೆ ತರುವುದು. ಗ್ರಾಂನಿಂದ ನೇರ ಗ್ರಾಂಗೆ ಹಾರಬೇಡಿ. ಸತುವಿನ ಪರಮಾಣು ತೂಕ 65.4; 16 ಭಾಗಿಸು 65.4, ಅಂದರೆ 0.245 ಮೋಲ್. ಆಮ್ಲ 2 × 0.2 ಲೀಟರ್ = 0.4 ಮೋಲ್. ಮಿಲಿ ಲೀಟರನ್ನು ಲೀಟರ್ ಮಾಡದೆ 400 ಮೋಲ್ ಎಂದು ಬರೆಯುವವರಿದ್ದಾರೆ. 400 ಮೋಲ್ ಹೈಡ್ರೋಕ್ಲೋರಿಕ್ ಆಮ್ಲವೆಂದರೆ ಹದಿನಾಲ್ಕು ಕಿಲೋಗಿಂತ ಹೆಚ್ಚು ಎಂಬುದನ್ನು ಒಮ್ಮೆ ಯೋಚಿಸಿ.

ಮೂರನೆಯದು, ಯಾವುದು ಮೊದಲು ಮುಗಿಯುತ್ತದೆ ಎಂದು ನೋಡುವುದು. 0.245 ಮೋಲ್ ಸತುವಿಗೆ 0.49 ಮೋಲ್ ಆಮ್ಲ ಬೇಕು, ಇರುವುದು 0.4. ಹಾಗಾಗಿ ಆಮ್ಲವೇ ಲಿಮಿಟಿಂಗ್ ರಿಯಾಜೆಂಟ್. ತೂಕದಲ್ಲಿ ಕಡಿಮೆ ಇರುವುದೇ ಮೊದಲು ಮುಗಿಯುತ್ತದೆ ಎಂದಾಗಲಿ, ಮೋಲ್‌ನಲ್ಲಿ ಕಡಿಮೆ ಇರುವುದು ಎಂದಾಗಲಿ ತೀರ್ಮಾನಿಸಬೇಡಿ. ಇಲ್ಲಿ ಮೋಲ್‌ನಲ್ಲಿ ಹೆಚ್ಚಿರುವ ಆಮ್ಲವೇ ಮೊದಲು ಮುಗಿದಿದೆ, ನೋಡಿ. ಮೋಲ್‌ಗಳನ್ನು ಸಮೀಕರಣದ ಅಂಕಿಯಿಂದ ಭಾಗಿಸಿ ಹೋಲಿಸಬೇಕು: ಸತು 0.245, ಆಮ್ಲ 0.2. ಬರುವ ಹೈಡ್ರೋಜನ್ 0.2 ಮೋಲ್. ಉಳಿಯುವ ಸತು 0.045 ಮೋಲ್, ಸುಮಾರು 2.9 ಗ್ರಾಂ.

ಈಗ ಆ 0.2 ಮೋಲ್ ಅನಿಲ ಎಷ್ಟು ಲೀಟರ್? ಎಡವುವುದು ಇಲ್ಲೇ.

22.4 ಲೀಟರ್ ಎನ್ನುವುದು 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಒಂದು ಮೋಲ್ ಆದರ್ಶ ಅನಿಲದ ಗಾತ್ರ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ 40 ಡಿಗ್ರಿ ಸಾಮಾನ್ಯ. 1 ಅಟ್ಮಾಸ್ಫಿಯರ್ ಎಂಬುದು ಸಮುದ್ರಮಟ್ಟದ ಮಾತು. ಬೀದರ್ ಪ್ರಸ್ಥಭೂಮಿಯ ಮೇಲೆ, ಆರುನೂರು ಮೀಟರಿಗೂ ಎತ್ತರದಲ್ಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು 0.93 ಅಟ್ಮಾಸ್ಫಿಯರ್. ಹಾಗಾಗಿ ಸೂತ್ರವನ್ನೇ ಹಿಡಿಯಿರಿ (ಆರ್ ಎಂದರೆ ಅನಿಲ ಸ್ಥಿರಾಂಕ):

ಒತ್ತಡ × ಗಾತ್ರ = ಮೋಲ್ × ಆರ್ × ಉಷ್ಣತೆ

ಉಷ್ಣತೆ ಕೆಲ್ವಿನ್‌ನಲ್ಲಿ: 40 + 273 = 313. ಗಾತ್ರ = 0.2 × 0.0821 × 313 ÷ 0.93, ಅಂದರೆ ಸುಮಾರು 5.5 ಲೀಟರ್. ಕುರುಡಾಗಿ 22.4ರಿಂದ ಗುಣಿಸಿದ್ದರೆ 4.48 ಬರುತ್ತಿತ್ತು; ಒಂದು ಲೀಟರಿಗೂ ಹೆಚ್ಚು ವ್ಯತ್ಯಾಸ. ನೀಟ್, ಸಿಇಟಿಯಂಥ ಪರೀಕ್ಷೆಗಳಲ್ಲಿ ಇಂಥ ತಪ್ಪು ಉತ್ತರವೂ ನಾಲ್ಕು ಆಯ್ಕೆಗಳಲ್ಲಿ ಒಂದಾಗಿರಬಹುದು. ಆಯ್ಕೆಯಲ್ಲಿ ಸಿಕ್ಕಿತೆಂದು ಸರಿ ಎಂದುಕೊಳ್ಳಬೇಡಿ.

ಇನ್ನೊಂದು ಗೊಂದಲ 22.7. ಐಯುಪಿಎಸಿ ಸಂಸ್ಥೆ 1982ರಲ್ಲಿ ಪ್ರಮಾಣಿತ ಒತ್ತಡವನ್ನು 1 ಅಟ್ಮಾಸ್ಫಿಯರ್‌ನಿಂದ 1 ಬಾರ್‌ಗೆ ಬದಲಿಸಿತು. ಬಾರ್ ಸ್ವಲ್ಪ ಚಿಕ್ಕದು, ಆದ್ದರಿಂದ ಗಾತ್ರ ಸ್ವಲ್ಪ ದೊಡ್ಡದು: 22.7 ಲೀಟರ್. ಹಳೆಯ ಗೈಡುಗಳಲ್ಲಿ 22.4, ಎನ್‌ಸಿಇಆರ್‌ಟಿಯಲ್ಲಿ 22.7. ಪ್ರಶ್ನೆಯಲ್ಲಿ 1 ಬಾರ್ ಎಂದಿದ್ದರೆ 22.7, 1 ಅಟ್ಮಾಸ್ಫಿಯರ್ ಎಂದಿದ್ದರೆ 22.4; ಎರಡೂ 0 ಡಿಗ್ರಿಗೆ ಮಾತ್ರ. ಮತ್ತು ಎರಡೂ ಅನಿಲಕ್ಕೆ ಮಾತ್ರ. ಒಂದು ಮೋಲ್ ನೀರು 22.4 ಲೀಟರ್ ಎಂದು ಬರೆದದ್ದನ್ನು ಕಂಡಿದ್ದೇನೆ. ಒಂದು ಮೋಲ್ ನೀರೆಂದರೆ 18 ಗ್ರಾಂ, ನಾಲ್ಕು ಚಮಚಕ್ಕಿಂತ ಕಡಿಮೆ.

ಆರ್‌ನ ಬೆಲೆಯೂ ಏಕಮಾನದ ಜೊತೆಗೇ ನಡೆಯಬೇಕು: ಲೀಟರ್–ಅಟ್ಮಾಸ್ಫಿಯರ್‌ಗೆ 0.0821, ಲೀಟರ್–ಬಾರ್‌ಗೆ 0.083, ಪಾಸ್ಕಲ್–ಘನ ಮೀಟರಿಗೆ 8.314.

ಭಾಲ್ಕಿ ಕಡೆ ಕಬ್ಬು ಬೆಳೆಯುವ ಮನೆಯವರಿಗೆ ಹತ್ತಿರದ ಲೆಕ್ಕ ಹುದುಗುವಿಕೆ. ಒಂದು ಗ್ಲುಕೋಸ್‌ನಿಂದ ಎರಡು ಎಥನಾಲ್, ಎರಡು ಇಂಗಾಲದ ಡೈಆಕ್ಸೈಡ್. 180 ಗ್ರಾಂಗೆ 92 ಗ್ರಾಂ ಎಥನಾಲ್, 88 ಗ್ರಾಂ ಅನಿಲ. ಒಂದು ಕಿಲೋ ಗ್ಲುಕೋಸ್‌ಗೆ ಹೆಚ್ಚೆಂದರೆ 511 ಗ್ರಾಂ ಎಥನಾಲ್. ನಿಜದಲ್ಲಿ ಇದಕ್ಕಿಂತ ಕಡಿಮೆಯೇ ಬರುತ್ತದೆ, ಆದ್ದರಿಂದ ಶೇಕಡಾ ಇಳುವರಿ ಕೇಳಿದರೆ ನಿಜವಾಗಿ ಸಿಕ್ಕಿದ್ದನ್ನು ಇದರಿಂದ ಭಾಗಿಸಿ ನೂರರಿಂದ ಗುಣಿಸಿ. ಜೊತೆಗೆ 11.1 ಮೋಲ್ ಅನಿಲ ಹೊರಡುತ್ತದೆ, ನಮ್ಮ ಬೇಸಿಗೆಯಲ್ಲಿ ಮುನ್ನೂರು ಲೀಟರಿಗೂ ಮೇಲೆ. ಅದು ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಹುದುಗಿನ ತೊಟ್ಟಿಗೆ ಯಾರೂ ಪರೀಕ್ಷಿಸದೆ ಇಳಿಯಬಾರದು.

ಜಾಗ ಕಡಿಮೆ ಇದೆ, ಇನ್ನೆರಡು ಮಾತು ಬೇಗ. ಎಲ್ಲ ಅನಿಲಗಳೂ ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿದ್ದರೆ ಮೋಲ್‌ಗೆ ಹೋಗುವುದೇ ಬೇಡ: 10 ಲೀಟರ್ ನೈಟ್ರೋಜನ್, 30 ಲೀಟರ್ ಹೈಡ್ರೋಜನ್ ಪೂರ್ತಿ ವರ್ತಿಸಿದರೆ 20 ಲೀಟರ್ ಅಮೋನಿಯ. ನೀರಿನ ಮೇಲೆ ಸಂಗ್ರಹಿಸಿದ ಅನಿಲವಾದರೆ ಒಟ್ಟು ಒತ್ತಡದಿಂದ ನೀರಾವಿಯ ಒತ್ತಡ ಕಳೆಯಿರಿ.

ಅಭ್ಯಾಸಕ್ಕೆ: ಔರಾದಿನ ಹೊಲಕ್ಕೆ ತಂದ 45 ಕಿಲೋ ಯೂರಿಯಾ ಚೀಲದಲ್ಲಿ ಎಷ್ಟು ಮೋಲ್ ಯೂರಿಯಾ, ಎಷ್ಟು ಕಿಲೋ ನೈಟ್ರೋಜನ್? ಯೂರಿಯಾದ ಅಣುತೂಕ 60, ಒಂದು ಅಣುವಿನಲ್ಲಿ ನೈಟ್ರೋಜನ್ ಪರಮಾಣು ಎರಡು. ಪೂರ್ತಿ ಶುದ್ಧವೆಂದು ತಿಳಿಯಿರಿ. ಉತ್ತರ: 750 ಮೋಲ್, 21 ಕಿಲೋ. ನಿಮಗೆ 0.75 ಬಂದಿದ್ದರೆ ಕಿಲೋವನ್ನು ಗ್ರಾಂ ಮಾಡಿಲ್ಲ.