ಲೆನ್ಸಿನ ಬೆನ್ನು ನೋಡಿ ಕೊಳ್ಳಿ

ಪರಿಚಯದ ಹುಡುಗನೊಬ್ಬ ತೊಳೆಸಿ ತಂದ ನೆಗೆಟಿವ್ ಪಟ್ಟಿಗಳನ್ನು ನನ್ನ ಮೇಜಿನ ಮೇಲೆ ಹರಡಿದ. ಮೇಲುಕೋಟೆಯ ವೈರಮುಡಿ, 36 ಫ್ರೇಮು. ಒಂದರಲ್ಲೂ ಮುಖವಿಲ್ಲ, ಕಿರೀಟವಿಲ್ಲ, ಹಾಲು ಚೆಲ್ಲಿದಂಥ ಮಬ್ಬು ಮಾತ್ರ. ‘ಫೈಂಡರಿನಲ್ಲಿ ಎಲ್ಲ ಶಾರ್ಪಾಗೇ ಕಾಣ್ತಿತ್ತು ಸರ್’ ಎಂದ. ಕಾಣದೆ ಏನು? ಜೋಡಿಬಿಂಬ ಸೇರುತ್ತಿತ್ತೇ ಎಂದು ಕೇಳಿದೆ. ‘ಇಲ್ಲ, ಹಳೇ ಕ್ಯಾಮೆರಾ ಅಲ್ವಾ, ಕೆಟ್ಟಿರಬೇಕು ಅಂತ ಲೆನ್ಸಿನ ಮೇಲಿರೋ ಮೀಟರ್ ಲೆಕ್ಕ ನೋಡ್ಕೊಂಡು ಇಟ್ಟೆ.’

ಕ್ಯಾಮೆರಾ ಜೋರ್ಕಿ-4, ಲೆನ್ಸು ಇಂಡಸ್ಟಾರ್-50. ಹೆಸರು ಸರಿ, ಥ್ರೆಡ್ಡೂ ಸರಿ. ಆದರೆ ಅದು ಆ ಕ್ಯಾಮೆರಾದ ಲೆನ್ಸೇ ಅಲ್ಲ. ಇಂಥ ರೀಲು ನನ್ನ ಮೇಜಿಗೆ ಬಂದದ್ದು ಅದೇ ಮೊದಲೂ ಅಲ್ಲ. ಅದಕ್ಕೇ ಈ ಬರಹ.

ಹಿನ್ನೆಲೆ ಎರಡೇ ಮಾತಿನಲ್ಲಿ. ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೀವು ನೋಡುವುದು ಲೆನ್ಸಿನ ಮೂಲಕ ಅಲ್ಲ, ಪಕ್ಕದ ಬೇರೊಂದು ಕಿಟಕಿಯ ಮೂಲಕ. ಕಿಟಕಿಯ ನಡುವೆ ಒಂದು ಮಸುಕು ಚೌಕ, ಅದರಲ್ಲಿ ಎರಡು ಬಿಂಬ. ಲೆನ್ಸ್ ತಿರುಗಿಸಿದಂತೆ ಅದರ ಹಿಂಭಾಗದ ಲೋಹದ ಉಂಗುರ ಮುಂದೆ ಹಿಂದೆ ಸರಿದು ಕ್ಯಾಮೆರಾದೊಳಗಿನ ಒಂದು ಪುಟ್ಟ ತೋಳನ್ನು ತಳ್ಳುತ್ತದೆ, ಬಿಂಬಗಳು ಒಂದಾಗುತ್ತವೆ, ಫೋಕಸ್ ಆಯಿತು. 24×36 ಮಿ.ಮೀ. ಫ್ರೇಮಿಗೆ 50 ಮಿ.ಮೀ. ಲೆನ್ಸೇ ಸ್ಟ್ಯಾಂಡರ್ಡ್. 1925ರ ಮೊದಲ ಲೈಕಾಗೂ ಅದೇ ಇತ್ತು. ಹೆನ್ರಿ ಕಾರ್ತಿಯೆ-ಬ್ರೆಸ್ಸೋನ್ ಜೀವಮಾನದ ಬಹುಪಾಲು ಕೆಲಸವನ್ನು ಅದೊಂದರಲ್ಲೇ ಮುಗಿಸಿದ. 28, 35, 90 ಎಂದು ಆಸೆಪಡುವವರು ಮೊದಲು 50ರಲ್ಲಿ ಹತ್ತು ರೀಲು ಮುಗಿಸಲಿ ಎಂಬುದು ನನ್ನ ಅಭಿಪ್ರಾಯ.

ಮೊದಲು ಕ್ಯಾಮೆರಾದ ಬಾಯಿ

ಲೆನ್ಸ್ ಹುಡುಕುವ ಮುನ್ನ ನಿಮ್ಮ ಕ್ಯಾಮೆರಾದ ಬಾಯಿ ಯಾವ ಜಾತಿಯದು ನೋಡಿಕೊಳ್ಳಿ. ಜೋರ್ಕಿ, ಫೆಡ್, ಹಳೆಯ ಲೈಕಾ, ಕ್ಯಾನನ್ 7, ವಾಯ್ಟ್‌ಲ್ಯಾಂಡರ್ ಬೆಸ್ಸಾ ಆರ್ ಇವುಗಳದ್ದು 39 ಮಿ.ಮೀ. ಥ್ರೆಡ್, ಲೆನ್ಸನ್ನು ಬಾಟಲಿಯ ಮುಚ್ಚಳದಂತೆ ತಿರುಗಿಸಿ ಕೂರಿಸುವುದು. 1954ರ ಲೈಕಾ ಎಂ3 ಮತ್ತು ಅಲ್ಲಿಂದೀಚಿನ ಎಂ ಕ್ಯಾಮೆರಾಗಳು, ಮಿನೋಲ್ಟಾ ಸಿಎಲ್‌ಇ, ಬೆಸ್ಸಾ ಆರ್2 ಇವುಗಳದ್ದು ಎಂ ಬಯೊನೆಟ್. ಥ್ರೆಡ್ ಲೆನ್ಸನ್ನು ಎಂ ಕ್ಯಾಮೆರಾಗೆ ಹಾಕಲು 1 ಮಿ.ಮೀ. ದಪ್ಪದ ಅಡಾಪ್ಟರ್ ಉಂಗುರ ಸಾಕು. ಕೊಳ್ಳುವಾಗ 50ರ ಫ್ರೇಮ್ ಗೆರೆ ತೋರಿಸುವ ಉಂಗುರವನ್ನೇ ಕೇಳಿ, 28/90 ಎಂದಿರುವುದನ್ನು ತಂದರೆ ಫೈಂಡರಿನಲ್ಲಿ ಬೇರೆ ಗೆರೆ ಮೂಡುತ್ತದೆ. ಎಂ ಲೆನ್ಸನ್ನು ಥ್ರೆಡ್ ಕ್ಯಾಮೆರಾಗೆ ಹಾಕುವ ದಾರಿ ಇಲ್ಲ. ಕೈ ಬಿಗಿ ಇರುವವರಿಗೆ ಥ್ರೆಡ್ ಲೆನ್ಸೇ ಲೇಸು, ನಾಳೆ ಕ್ಯಾಮೆರಾ ಬದಲಾದರೂ ಲೆನ್ಸು ಜೊತೆಗೆ ಬರುತ್ತದೆ.

ಯಾಶಿಕಾ ಎಲೆಕ್ಟ್ರೋ, ಕ್ಯಾನೊನೆಟ್ ಇಟ್ಟುಕೊಂಡವರು ಇಲ್ಲಿಗೇ ಓದು ನಿಲ್ಲಿಸಬಹುದು. ಅವೂ ರೇಂಜ್‌ಫೈಂಡರ್‌ಗಳೇ, ಆದರೆ ಲೆನ್ಸ್ ಕಳಚುವುದಿಲ್ಲ.

39 ಎಂದರೆ ಒಂದೇ ಅಲ್ಲ

ಈಗ ಹುಡುಗ ಬಿದ್ದ ಗುಂಡಿಗೆ ಬರೋಣ. 39 ಮಿ.ಮೀ. ಥ್ರೆಡ್ ಇರುವ ಮೂರು ಬಗೆಯ ಲೆನ್ಸುಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಓಡಾಡುತ್ತಿವೆ. ಮೂರೂ ನಿಮ್ಮ ಕ್ಯಾಮೆರಾ ಮೇಲೆ ಸಲೀಸಾಗಿ ಕೂರುತ್ತವೆ. ಕೆಲಸಕ್ಕೆ ಬರುವುದು ಒಂದೇ.

ಒಂದನೆಯದು ರೇಂಜ್‌ಫೈಂಡರಿಗೆಂದೇ ಮಾಡಿದ್ದು. ಇದರಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲಂಗೆ 28.8 ಮಿ.ಮೀ. ಎರಡನೆಯದು ಸೋವಿಯತ್ ಜೆನಿತ್ ಎಸ್‌ಎಲ್‌ಆರ್‌ಗಳ ಮೊದಲ ತಲೆಮಾರುಗಳದ್ದು. ಅವರೂ ಅದೇ 39 ಮಿ.ಮೀ. ಥ್ರೆಡ್ ಇಟ್ಟುಕೊಂಡರು, ಆದರೆ ನಡುವೆ ಕನ್ನಡಿ ತಿರುಗಲು ಜಾಗ ಬೇಕಲ್ಲ, ಅಂಚಿನಿಂದ ಫಿಲಂಗೆ 45.2 ಮಿ.ಮೀ. ಬಿಟ್ಟರು. ಆ ದೂರಕ್ಕೆ ಮಾಡಿದ ಲೆನ್ಸನ್ನು ತಂದು 28.8ರಲ್ಲಿ ಕೂರಿಸಿದರೆ ದೂರದ ದೃಶ್ಯದ ಬಿಂಬ ಫಿಲಮನ್ನು ದಾಟಿ 16.4 ಮಿ.ಮೀ. ಹಿಂದಕ್ಕೆ ಹೋಗಿ ಬೀಳುತ್ತದೆ. ಹತ್ತಿರದ್ದರ ಬಿಂಬ ಇನ್ನೂ ಹಿಂದಕ್ಕೆ. ಎಷ್ಟು ತಿರುಗಿಸಿದರೂ ಏನೂ ಸ್ಪಷ್ಟವಾಗುವುದಿಲ್ಲ.

ಮಿರರ್‌ಲೆಸ್ ಡಿಜಿಟಲ್ ಆಗಿದ್ದರೆ ಪರದೆಯ ಮೇಲೆ ಆ ಕ್ಷಣವೇ ಗೊತ್ತಾಗುತ್ತಿತ್ತು. ರೇಂಜ್‌ಫೈಂಡರಿನ ಕಿಟಕಿಗೆ ಲೆನ್ಸಿನ ಸುದ್ದಿಯೇ ಇಲ್ಲ. ಮುಚ್ಚಳ ತೆಗೆಯದೆ ಇಡೀ ಮದುವೆ ತೆಗೆದವರಿದ್ದಾರೆ, ಕಿಟಕಿಯಲ್ಲಿ ವಧೂವರರು ಚೆನ್ನಾಗಿಯೇ ಕಂಡಿದ್ದರು. ರೀಲು ತೊಳೆಯುವತನಕ ತಪ್ಪು ತಿಳಿಯುವುದಿಲ್ಲ, ಈಗಿನ ರೀಲಿನ ಬೆಲೆಯಲ್ಲಿ ಇದು ಸಣ್ಣ ಪಾಠವಲ್ಲ.

ಹೆಸರನ್ನು ನಂಬುವಂತಿಲ್ಲ ಎನ್ನುವುದು ಇದರ ಕ್ರೂರ ಭಾಗ. ಇಂಡಸ್ಟಾರ್-50 ಜೋರ್ಕಿಗೂ ಬಂತು, ಜೆನಿತಿಗೂ ಬಂತು. ಮುಂಭಾಗದಲ್ಲಿ ಅದೇ ರಷ್ಯನ್ ಅಕ್ಷರ, ಅದೇ 3.5/50. ಜೆನಿತಿನದು ನಿಪ್ಪಟ್ಟಿನಂತೆ ಚಪ್ಪಟೆ, ಜೋರ್ಕಿಯದು ಒಂದಿಷ್ಟು ಎದ್ದು ನಿಂತಿರುತ್ತದೆ. ಮುಂದಿನಿಂದ ತೆಗೆದ ಒಂದೇ ಫೋಟೊ ನೋಡಿ ಆರ್ಡರ್ ಮಾಡಿದರೆ ಈ ವ್ಯತ್ಯಾಸ ಕಾಣುವುದಿಲ್ಲ.

ಮೂರನೆಯದು ಎನ್‌ಲಾರ್ಜರ್ ಲೆನ್ಸ್. ಮುಚ್ಚಿಹೋದ ಸ್ಟುಡಿಯೊಗಳ ಡಾರ್ಕ್‌ರೂಮ್ ಸಾಮಾನು ಗುಜರಿಗೆ ಬಂದಾಗ ಇವೂ ಬರುತ್ತವೆ. 50 ಮಿ.ಮೀ. ಎಲ್-ನಿಕ್ಕರ್ 2.8 ಪ್ರಿಂಟ್ ಹಾಕಲು ಬಂಗಾರದಂಥ ಲೆನ್ಸ್. ಅದಕ್ಕೆ ಫೋಕಸ್ ಉಂಗುರವೇ ಇಲ್ಲ. ಕ್ಯಾಮೆರಾ ಮೇಲೆ ಅದು ಬರೀ ಒಡವೆ.

ಆದ್ದರಿಂದ ಅಂಗಡಿಯಲ್ಲಿ ಲೆನ್ಸ್ ಕೈಗೆ ಬಂದ ಕೂಡಲೇ ಮುಖದ ಮೇಲಿನ ಅಕ್ಷರ ಓದಬೇಡಿ, ಮಗುಚಿ. ಹಿಂಬದಿಯ ಥ್ರೆಡ್ಡಿನ ಒಳಗೆ ನಯವಾದ ಲೋಹದ ಒಂದು ಉಂಗುರ ಕಾಣಬೇಕು. ಬೆರಳ ತುದಿಯನ್ನು ಅದರ ಮೇಲಿಟ್ಟು ಫೋಕಸನ್ನು ಅನಂತದಿಂದ ಒಂದು ಮೀಟರಿಗೆ ತಿರುಗಿಸಿ. ಉಂಗುರ ಬೆರಳಿನ ಕೆಳಗೆ ನಿಧಾನಕ್ಕೆ ಜಾರಿ ದೂರ ಹೋಗಬೇಕು, ವಾಪಸು ತಿರುಗಿಸಿದರೆ ಬೆರಳನ್ನು ತಳ್ಳುತ್ತ ಬರಬೇಕು. ಉಂಗುರ ಇಲ್ಲದಿದ್ದರೆ, ಇದ್ದೂ ಅಲುಗದಿದ್ದರೆ, ಕೆಳಗಿಡಿ. ಆನ್‌ಲೈನಿನಲ್ಲಾದರೆ ಹಿಂಬದಿಯ ಎರಡು ಫೋಟೊ ಕೇಳಿ, ಒಂದು ಅನಂತದಲ್ಲಿ, ಇನ್ನೊಂದು ಒಂದು ಮೀಟರಿನಲ್ಲಿ. ಕಳಿಸದ ಮಾರಾಟಗಾರನಿಂದ ಕೊಳ್ಳಬೇಡಿ. ‘ಫಿಟ್ ಆಗುತ್ತೆ ಸರ್, ಗ್ಯಾರಂಟಿ’ ಎನ್ನುತ್ತಾರೆ. ಫಿಟ್ ಆಗುತ್ತದೆ, ಅದನ್ನೇ ಇಷ್ಟು ಹೊತ್ತು ಹೇಳಿದ್ದು.

ಇನ್ನೊಂದು ಮಾತು. ಜುಪಿಟರ್-8 ಕೀವ್ ಕ್ಯಾಮೆರಾದ ಬಯೊನೆಟ್‌ನಲ್ಲೂ ಸಿಗುತ್ತದೆ. ಅದಕ್ಕೆ ಥ್ರೆಡ್ಡೇ ಇಲ್ಲದ ಕಾರಣ ಕೈಗೆತ್ತಿಕೊಂಡರೆ ಮೋಸ ಹೋಗುವುದಿಲ್ಲ, ಫೋಟೊದಲ್ಲಿ ಹೋಗಬಹುದು.

ಯಾವುದು ಕೊಳ್ಳುವುದು

ಎಲ್ಲಕ್ಕಿಂತ ಅಗ್ಗ ಸೋವಿಯತ್ ಲೆನ್ಸುಗಳು. ಇಂಡಸ್ಟಾರ್-61 ಎಲ್/ಡಿ, 55 ಮಿ.ಮೀ. 2.8, ಫೆಡ್ ಕ್ಯಾಮೆರಾಗಳ ಜೊತೆ ಬರುತ್ತಿದ್ದದ್ದು. ನೋಡಲು ಸಾಧಾರಣ, 5.6ಕ್ಕೆ ಇಳಿಸಿದರೆ ಗೆರೆ ಕೊರೆದಂತೆ ಸ್ಪಷ್ಟ. ಜುಪಿಟರ್-8, 50 ಮಿ.ಮೀ. 2, ಯುದ್ಧಕ್ಕೆ ಮುಂಚಿನ ಜೈಸ್ ಸೊನ್ನಾರಿನ ವಿನ್ಯಾಸ. ಪೂರ್ತಿ ತೆರೆದಾಗ ಮುಖಗಳಿಗೆ ಒಂದು ಮೃದುತನ ಕೊಡುತ್ತದೆ. ಅಪರ್ಚರ್ ಟಕ್ ಟಕ್ ಎನ್ನದೆ ಜಾರುತ್ತದೆ, ನಡುವೆ ತಾನೇ ಸರಿದಿರುತ್ತದೆ, ಪ್ರತಿ ಸಲ ನೋಡಿಕೊಳ್ಳಬೇಕು. ಒಳಕ್ಕೆ ತಳ್ಳಿ ಮಡಚುವ ಇಂಡಸ್ಟಾರ್-22 ಜೇಬಿಗೆ ಚೆಂದ. ಆದರೆ ಹೊರಗೆಳೆದು ತಿರುಗಿಸಿ ಲಾಕ್ ಮಾಡಲು ಮರೆತರೆ ಮತ್ತೆ ಅದೇ ಹಾಲಿನ ಮಬ್ಬು. ಇದರ ಮೇಲೆ ‘ಲೈಟ್ಜ್ ಎಲ್ಮಾರ್’ ಎಂದು ಕೆತ್ತಿ, ಚಿನ್ನದ ಬಣ್ಣದ ನಕಲಿ ಲೈಕಾಗೆ ಸಿಕ್ಕಿಸಿ ಮಾರುವವರಿದ್ದಾರೆ. ಬೆಂಗಳೂರಿನ ಸಂಡೇ ಬಜಾರ್‌ಗೆ ಹೋಗುವವರು ನೆನಪಿಡಿ.

ಒಂದು ಮೆಟ್ಟಿಲು ಮೇಲೆ ಜಪಾನಿನ ಕ್ಯಾನನ್ 50 ಮಿ.ಮೀ. 1.8, ಥ್ರೆಡ್. ನನ್ನನ್ನು ಕೇಳಿದರೆ ಇದಕ್ಕೇ ಹಣ ಕೂಡಿಡಿ. ಲೋಹದ ಕೆಲಸ ಅಚ್ಚುಕಟ್ಟು, ಫೋಕಸ್ ನಂಬಬಹುದು. ಇದಕ್ಕೊಂದು ರೋಗವಿದೆ, ಮುಂದೆ ಹೇಳುತ್ತೇನೆ. ಅನಂತಕ್ಕೆ ತಿರುಗಿಸಿದರೆ ಹಲವು ಹಳೆಯ ಕ್ಯಾನನ್ ಲೆನ್ಸುಗಳು ಲಾಕ್ ಆಗುತ್ತವೆ, ಪುಟ್ಟ ಗುಂಡಿ ಒತ್ತಿದರೆ ಬಿಡುತ್ತವೆ. ‘ಜಾಮ್ ಆಗಿದೆ’ ಎಂದು ಮಾಲೀಕನೇ ಅಗ್ಗಕ್ಕೆ ಕೊಟ್ಟರೆ ನಿಮ್ಮ ಅದೃಷ್ಟ. ಹೊಸತರ ಪೈಕಿ ಹಣವಿದ್ದವರು ವಾಯ್ಟ್‌ಲ್ಯಾಂಡರ್ ಕಡೆ ನೋಡಬಹುದು. ಲೈಕಾದ ಸ್ವಂತ ಸುಮಿಕ್ರಾನ್ ಈ ಲೇಖನದ ವಿಷಯವಲ್ಲ, ಹೊಸದು ಲಕ್ಷ ದಾಟುತ್ತದೆ.

ಚೀನಾದ ಸೆವೆನ್ ಆರ್ಟಿಸನ್ಸ್ 50 ಮಿ.ಮೀ. 1.1 ಬಂದಮೇಲೆ ಹೊಸಬರೆಲ್ಲ ಅದನ್ನೇ ಕೇಳುತ್ತಾರೆ. ಲೆಕ್ಕ ಹಾಕಿ. ಒಂದು ಮೀಟರ್ ದೂರದ ಮುಖಕ್ಕೆ ಎಫ್ 2ರಲ್ಲಿ ಸ್ಪಷ್ಟವಾಗಿ ನಿಲ್ಲುವ ಆಳ ಸುಮಾರು 5 ಸೆಂ.ಮೀ., 1.1ರಲ್ಲಿ ಅದರ ಅರ್ಧದಷ್ಟು. ಮೂಗು ಸಿಕ್ಕರೆ ಕಣ್ಣು ತಪ್ಪುತ್ತದೆ. ಕ್ಯಾಮೆರಾದ ಫೋಕಸ್ ಕೂದಲೆಳೆ ಆಚೀಚೆಯಾದರೂ ಆ ಲೆನ್ಸ್ ಅದನ್ನು ಎತ್ತಿ ತೋರಿಸುತ್ತದೆ. ಮನೆಯಲ್ಲೇ ಹೊಂದಿಸಿಕೊಳ್ಳುವ ಸ್ಕ್ರೂ ಅದರ ಬೆನ್ನಿನಲ್ಲಿದೆ, ಒಪ್ಪಿದೆ. ಮೊದಲ ಲೆನ್ಸಿನಲ್ಲೇ ರಿಪೇರಿ ಕಲಿಯಬೇಕೇ? 400ರ ಫಿಲಂ ಹಾಕಿದವರಿಗೆ ಹಗಲಿನಲ್ಲಿ 2.8 ಧಾರಾಳ. 2ಕ್ಕೂ 2.8ಕ್ಕೂ ಇರುವುದು ಒಂದು ಸ್ಟಾಪ್ ವ್ಯತ್ಯಾಸ, ಅರುವತ್ತನೇ ಒಂದು ಸೆಕೆಂಡಿನ ಬದಲು ಮೂವತ್ತನೇ ಒಂದು.

ಟಾರ್ಚ್ ಹಿಡಿದು

ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ, ಮುಂದಿನಿಂದ ಸ್ವಲ್ಪ ಓರೆಯಾಗಿ ನೋಡಿ. ಧೂಳಿನ ಚುಕ್ಕಿ ಚಿಂತೆಯಿಲ್ಲ. ಮುಂಗಾಜಿನ ಸಣ್ಣ ಗೀರುಗಳನ್ನೂ ನಾನು ಲೆಕ್ಕಿಸುವುದಿಲ್ಲ, ಬೆಲೆ ಇಳಿಸಲು ಅವು ಒಳ್ಳೆಯ ನೆಪ. ಜೇಡರ ಬಲೆಯ ಎಳೆಯಂಥದ್ದು ಕಂಡರೆ ಫಂಗಸ್, ಬಿಟ್ಟುಬಿಡಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಹತ್ತು ಮಳೆಗಾಲ ಬೀರುವಿನ ಚರ್ಮದ ಚೀಲದಲ್ಲೇ ಕಳೆದ ಲೆನ್ಸಿನಲ್ಲಿ ಇದು ಸಾಮಾನ್ಯ. ಗಾಜಿನ ಮೇಲೆ ಉಸಿರು ಬಿಟ್ಟಂತೆ ಸಮನಾದ ಮಂಜು ಕಂಡರೆ ಅದು ಹೇಜ್. ಕ್ಯಾನನ್ 1.8ರ ರೋಗ ಇದೇ, ಅಪರ್ಚರಿನ ಹಿಂದಿನ ಗಾಜಿನ ಮೇಲೆ ಕೂರುತ್ತದೆ. ಬೇಗ ಒರೆಸಿದರೆ ಹೋಗುತ್ತದೆ, ವರ್ಷಗಟ್ಟಲೆ ಬಿಟ್ಟರೆ ಗಾಜನ್ನೇ ತಿನ್ನುತ್ತದೆ. ‘ಕ್ಲೀನ್ ಮಾಡಿಸಿದ್ರೆ ಹೋಗುತ್ತೆ’ ಎಂದರೆ ಮಾಡಿಸಿಯೇ ಕೊಡಿ ಎನ್ನಿ.

ಆಮೇಲೆ ಸ್ಕ್ರೂಗಳ ತಲೆ ನೋಡಿ. ಕೆತ್ತಿಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಬಿಚ್ಚಿ, ತಪ್ಪು ಥ್ರೆಡ್ಡಿಗೆ ಸೇರಿಸಿ ಕೂರಿಸಿದ ಸೋವಿಯತ್ ಲೆನ್ಸುಗಳೇ ‘ರಷ್ಯನ್ ಲೆನ್ಸ್ ಶಾರ್ಪ್ ಇಲ್ಲ’ ಎಂಬ ಅಪವಾದಕ್ಕೆ ಕಾರಣ ಎನ್ನುವುದು ನನ್ನ ಗುಮಾನಿ.

ಮನೆಗೆ ತಂದ ಮೇಲೆ

ರೀಲು ಹಾಕುವ ಮುನ್ನ ಒಂದು ಪರೀಕ್ಷೆ. ಜೋರ್ಕಿ-4, ಫೆಡ್-2ರಲ್ಲಿ ಹಿಂಬದಿ ಪೂರ್ತಿ ಕಳಚುತ್ತದೆ. ಫಿಲಂ ಮಲಗುವ ಒಳಗಿನ ಎರಡು ಹಳಿಗಳ ಮೇಲೆ ಟ್ರೇಸಿಂಗ್ ಪೇಪರಿನ ತುಂಡನ್ನು ಬಿಗಿಯಾಗಿ ಅಂಟಿಸಿ. ಶಟರ್ ‘ಬಿ’ಗೆ ಇಟ್ಟು ಒತ್ತಿ ಹಿಡಿಯಿರಿ, ಅಪರ್ಚರ್ ಪೂರ್ತಿ ತೆರೆದಿರಲಿ. ದೂರದ ಮೊಬೈಲ್ ಟವರ್ ಕಡೆ ತಿರುಗಿಸಿದರೆ ಕಾಗದದ ಮೇಲೆ ಅದು ತಲೆಕೆಳಗಾಗಿ ಮೂಡುತ್ತದೆ. ಭೂತಗನ್ನಡಿಯಲ್ಲಿ ನೋಡಿ, ಲೆನ್ಸ್ ಅನಂತದಲ್ಲಿದ್ದಾಗ ಅದು ಸ್ಪಷ್ಟವಿರಬೇಕು, ಕಿಟಕಿಯಲ್ಲೂ ಎರಡು ಬಿಂಬ ಒಂದಾಗಿರಬೇಕು. ನಂತರ ಒಂದು ಮೀಟರ್ ದೂರದಲ್ಲಿ ಪತ್ರಿಕೆಯ ತಲೆಬರಹವನ್ನು ಗೋಡೆಗೆ ಅಂಟಿಸಿ, ಕಿಟಕಿಯಲ್ಲಿ ಫೋಕಸ್ ಮಾಡಿ, ಕಾಗದ ನೋಡಿ. ದೂರ ಸರಿ, ಹತ್ತಿರ ತಪ್ಪು ಎಂದಾದರೆ ಬೇರೊಂದು ಲೆನ್ಸ್ ಹಾಕಿ ನೋಡದೆ ಯಾವುದನ್ನೂ ಬೈಯಬೇಡಿ, ತಪ್ಪು ಕ್ಯಾಮೆರಾದ್ದೂ ಇರಬಹುದು.

ಜಾಗ ಮುಗಿಯುತ್ತ ಬಂತು. ಹುಡ್ ಹಾಕಿ, ಹಳೆಯ ಲೆನ್ಸುಗಳು ಎದುರು ಬಿಸಿಲು ತಡೆಯವು. ಜುಪಿಟರ್-8, ಇಂಡಸ್ಟಾರ್-61ಕ್ಕೆ 40.5 ಮಿ.ಮೀ. ಫಿಲ್ಟರ್, ಕ್ಯಾನನ್ 1.8ಕ್ಕೆ 40. ಹೊರದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕವೂ ಲೆಕ್ಕದಲ್ಲಿರಲಿ. ಮಳೆಗಾಲದಲ್ಲಿ ಚರ್ಮದ ಚೀಲ ಬೇಡ, ಗಾಳಿಯಾಡದ ಡಬ್ಬಿ ಮತ್ತು ಸಿಲಿಕಾ ಜೆಲ್ ಸಾಕು, ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ. ಹೊಸ ಲೆನ್ಸಿನ ಮೊದಲ ರೀಲಿಗೆ ಮಾತ್ರ ಯಾರ ಮದುವೆಯನ್ನೂ ಒಪ್ಪಿಕೊಳ್ಳಬೇಡಿ.