ಬೆನ್ನು ಬಿಗಿದಿದೆಯೋ, ಸಡಿಲವಾಗಿದೆಯೋ?

ಕೋಲಾರದ ಟೊಮೆಟೊ ತೋಟವಿರಲಿ, ಮಾಲೂರಿನ ಇಟ್ಟಿಗೆ ಗೂಡಿರಲಿ, ಸಂಜೆಯಾದರೆ ನಡ ಹಿಡಿದುಕೊಂಡು ಕೂರುವವರಿಗೆ ಬರವಿಲ್ಲ. ಬೆನ್ನಿನ ಕೀಲು ಬಿಗಿದರೂ ನೋವೇ, ಹತೋಟಿ ತಪ್ಪಿ ಸಡಿಲವಾದರೂ ನೋವೇ. ಉಪಚಾರ ಮಾತ್ರ ಬೇರೆ ಬೇರೆ. ಭಯಪಡಬೇಡಿ. ಒಂದು ಟೇಪು, ಒಂದು ಪೆನ್ನು, ಜೊತೆಗೊಬ್ಬರಿದ್ದರೆ ಮೊದಲ ಪರೀಕ್ಷೆ ಮನೆಯಲ್ಲೇ ಆಗುತ್ತದೆ.

1. ಮೊದಲು ವಿಚಾರಿಸಿ. ಕಾಲಿನ ಶಕ್ತಿ ಕುಂದಿದೆಯೇ? ತೊಡೆಸಂದಿ ಜೋಮು ಹಿಡಿದಿದೆಯೇ? ಮೂತ್ರ ಕಟ್ಟಿದೆಯೇ? ಜ್ವರವಿದೆಯೇ, ಬಿದ್ದು ಪೆಟ್ಟಾಗಿದೆಯೇ? ಒಂದಕ್ಕೆ ಹೌದೆಂದರೂ ಟೇಪು ಕೆಳಗಿಟ್ಟು ಆಸ್ಪತ್ರೆಗೆ ಹೊರಡಿ.

2. ಕುಡಿಯುವ ನೀರು ಯಾವುದೆಂದು ಕೇಳಿ. ನಮ್ಮ ಕಡೆ ಇದನ್ನು ಬಿಡುವ ಹಾಗೇ ಇಲ್ಲ. ಮುಳಬಾಗಿಲು, ಶ್ರೀನಿವಾಸಪುರದ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಲಿಗಮೆಂಟುಗಳು ಸುಣ್ಣಗಟ್ಟಿ ಬೆನ್ನು ಬಿಗಿಯಬಹುದು.

3. ನೆಲದ ಮೇಲೆ ನಾಣ್ಯ ಇಟ್ಟು, ಮೊಣಕಾಲು ಮಡಚದೆ ಎತ್ತಿಕೊಳ್ಳಲು ಹೇಳಿ. ಬೋರ್‌ವೆಲ್ ನೀರು ಕುಡಿದವರಿಗೆ ಇದು ಆಗದಿದ್ದರೆ, ಗದ್ದವೂ ಎದೆಗೆ ತಾಗದಿದ್ದರೆ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಗೋ ಟಮಕದ ಜಾಲಪ್ಪ ಆಸ್ಪತ್ರೆಗೋ ಹೋಗಿ ತೋರಿಸಿ. ಯಾರಿಂದಲೂ ನೆಟಿಗೆ ತೆಗೆಸಬೇಡಿ. ಫ್ಲೋರೈಡ್ ತಿಂದ ಮೂಳೆ ನೋಡಲು ಗಟ್ಟಿ, ಒಳಗೆ ಪೆಡಸು.

4. ನೇರ ನಿಲ್ಲಿಸಿ ಗುರುತು ಹಾಕಿ. ಸೊಂಟದ ಹಿಂದಿನ ಎರಡು ಗುಳಿಗಳ ಮಟ್ಟದಲ್ಲಿ, ಬೆನ್ನಿನ ನಡುಗೆರೆಯ ಮೇಲೆ ಒಂದು ಚುಕ್ಕಿ. ಅಲ್ಲಿಂದ 10 ಸೆಂ.ಮೀ. ಮೇಲೊಂದು, 5 ಸೆಂ.ಮೀ. ಕೆಳಗೊಂದು.

5. ಮುಂದೆ ಬಗ್ಗಿಸಿ, ತುದಿ ಚುಕ್ಕಿಗಳ ನಡುವೆ ಅಳೆಯಿರಿ. 15 ಇದ್ದದ್ದು 20ರ ಆಸುಪಾಸಿಗೆ ಬಂದರೆ ಸರಿ. 17–18ಕ್ಕೇ ನಿಂತರೆ ಬಿಗಿತ. ವಯಸ್ಸಾದವರಲ್ಲಿ ಸ್ವಲ್ಪ ಕಡಿಮೆ ಬರುವುದು ಸಹಜ. ಟೇಪು ಚರ್ಮಕ್ಕೆ ಅಂಟಿರಲಿ, ಹೆಚ್ಚಿನವರು ಎಡವುವುದು ಇಲ್ಲೇ.

6. ಬಗ್ಗಿದವರು ಏಳುವುದನ್ನು ನೋಡಿ. ನಡುದಾರಿಯಲ್ಲಿ ಬೆನ್ನು ತಟ್ಟನೆ ಸಿಕ್ಕಿಕೊಂಡರೆ, ತೊಡೆಯ ಮೇಲೆ ಕೈಯೂರಿ ಹತ್ತಿದಂತೆ ಎದ್ದರೆ, ಸಡಿಲದ ಅನುಮಾನ. ಫಿಸಿಯೋಥೆರಪಿಸ್ಟ್ ಇದನ್ನು ಪರೀಕ್ಷಿಸುವ ಬಗೆ ಸೊಗಸಾಗಿದೆ: ಟೇಬಲ್ ಅಂಚಿನಲ್ಲಿ ಬೋರಲು ಮಲಗಿಸಿ, ಪಾದ ನೆಲಕ್ಕೂರಿಸಿ, ಮೂಳೆ ಒತ್ತಿ ನೋಡುತ್ತಾರೆ. ಆಗ ನೋವು ಬಂದು, ಪಾದ ಎತ್ತಿಸಿ ಮತ್ತೆ ಒತ್ತಿದಾಗ ಬೆನ್ನಿನ ಸ್ನಾಯು ಬಿಗಿದು ಅದೇ ನೋವು ಮಾಯವಾದರೆ ಸಡಿಲದ ಅನುಮಾನ ಬಲವಾಗುತ್ತದೆ. ಒತ್ತುವುದು ಅವರ ಕೆಲಸ, ನೀವು ಕೈಹಾಕಬೇಡಿ.

7. ಬಿಗಿತವಿದ್ದರೆ: ಚಾಪೆಯ ಮೇಲೆ ಕೈ, ಮೊಣಕಾಲು ಊರಿ, ಬೆನ್ನನ್ನು ನಿಧಾನವಾಗಿ ಉಬ್ಬಿಸಿ, ತಗ್ಗಿಸಿ. 10 ಸಲ ಸಾಕು.

8. ಸಡಿಲವಿದ್ದರೆ: ಅದೇ ಭಂಗಿಯಲ್ಲಿ ಬೆನ್ನು ಅಲುಗದಂತೆ ಹೊಟ್ಟೆ ಬಿಗಿಮಾಡಿ, ಬಲಗೈ, ಎಡಗಾಲು ಚಾಚಿ 5 ಸೆಕೆಂಡ್ ಹಿಡಿಯಿರಿ. ಆಮೇಲೆ ಎಡಗೈ, ಬಲಗಾಲು. ಉಸಿರು ಕಟ್ಟಬೇಡಿ. ನೋವು ಕಾಲಿಗೆ ಇಳಿದರೆ ಅಲ್ಲಿಗೇ ನಿಲ್ಲಿಸಿ, ಫಿಸಿಯೋಥೆರಪಿಸ್ಟ್‌ಗೆ ತೋರಿಸಿ.